ಪದ ಪರಿಚಯ: ಸ್ವಯಂಚಾಲಿತ ಬ್ಯಾಕಪ್ ಪ್ರತಿ

ಕಡತವನ್ನು ಸೇವ್ ಮಾಡಿದಾಗಲೆಲ್ಲ ಅದರ ಹಿಂದಿನ ರೂಪವನ್ನು ವರ್ಡ್ ಪ್ರೊಸೆಸರ್ (ಬರಹ ಸಿದ್ಧಪಡಿಸುವ ತಂತ್ರಾಂಶ) ತಾನಾಗಿಯೇ ಬೇರೊಂದು ಕಡತವಾಗಿ ಎತ್ತಿಡುತ್ತದಲ್ಲ, ಅದೇ ಸ್ವಯಂಚಾಲಿತ ಬ್ಯಾಕಪ್ ಪ್ರತಿ. ಇಲ್ಲಿ ಮುಖ್ಯವಾದದ್ದು ‘ಹಿಂದಿನ ರೂಪ’. ಪರದೆಯ ಮೇಲೆ ಈಗ ಕಾಣುತ್ತಿರುವ ಬರಹ ಈ ಪ್ರತಿಯಲ್ಲಿ ಇರುವುದಿಲ್ಲ. ಅದಕ್ಕಿಂತ ಒಂದು ಸೇವ್ ಹಿಂದಿನದು ಇರುತ್ತದೆ. ಅದೂ ಒಂದೇ ಒಂದು.

ಉದಾಹರಣೆಗೆ, ಬೆಳಗ್ಗೆ ಹತ್ತು ಪುಟದ ವರದಿ ಬರೆದು ಸೇವ್ ಮಾಡಿದಿರಿ. ಮಧ್ಯಾಹ್ನ ನಾಲ್ಕನೇ ಪುಟದ ಕೋಷ್ಟಕ ಬೇಡವೆನಿಸಿ ಅಳಿಸಿ, ಮತ್ತೆ ಸೇವ್ ಮಾಡಿ ಕಡತ ಮುಚ್ಚಿದಿರಿ. ಈಗ ಮೂಲ ಕಡತದಲ್ಲಿ ಕೋಷ್ಟಕ ಇಲ್ಲ, ಬ್ಯಾಕಪ್ ಪ್ರತಿಯಲ್ಲಿ ಇದೆ. ಸಂಜೆ ಅದೇ ವರದಿಯನ್ನು ತೆರೆದು ಒಂದು ಅಲ್ಪವಿರಾಮ ತಿದ್ದಿ ಸೇವ್ ಒತ್ತಿದರೆ ಸಾಕು, ಬ್ಯಾಕಪ್‌ನಲ್ಲಿದ್ದ ಕೋಷ್ಟಕವೂ ಹೋಯಿತು. ಹಾಗಾಗಿ ಏನೋ ಎಡವಟ್ಟಾಗಿದೆ ಎಂದು ಗೊತ್ತಾದ ಕೂಡಲೇ ಸೇವ್ ಒತ್ತುವುದನ್ನು ನಿಲ್ಲಿಸಿ, ಬ್ಯಾಕಪ್ ಕಡತವನ್ನು ಬೇರೆ ಫೋಲ್ಡರ್‌ಗೆ ನಕಲು ಮಾಡಿಕೊಳ್ಳಬೇಕು. ಉಳಿದ ವಿಚಾರಣೆ ಆಮೇಲೆ. ಗಾಬರಿಯಲ್ಲಿ ಕೈ ತಾನಾಗಿ ಹೋಗುವುದು ಕಂಟ್ರೋಲ್-ಎಸ್ ಕೀಲಿಗಳತ್ತಲೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಆಫ್ ಆಗಿರುತ್ತದೆ, ನಾವೇ ಆನ್ ಮಾಡಿಕೊಳ್ಳಬೇಕು. ವಿಂಡೋಸ್‌ನಲ್ಲಾದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂದು ಹೋಗಿ, ಕೆಳಗೆ ಸೇವ್ ವಿಭಾಗದಲ್ಲಿ ‘ಆಲ್ವೇಸ್ ಕ್ರಿಯೇಟ್ ಬ್ಯಾಕಪ್ ಕಾಪಿ’ ಎಂಬಲ್ಲಿ ಟಿಕ್ ಹಾಕಬೇಕು. ಅಲ್ಲಿಂದ ಮುಂದೆ ಮೂಲ ಕಡತ ಇರುವ ಫೋಲ್ಡರ್‌ನಲ್ಲೇ ‘ಬ್ಯಾಕಪ್ ಆಫ್’ ಎಂದು ಶುರುವಾಗುವ, .ಡಬ್ಲ್ಯುಬಿಕೆ (.wbk) ವಿಸ್ತರಣೆಯ, ಎಂದರೆ ಹೆಸರಿನ ಕೊನೆಗೆ ಆ ಬಾಲವಿರುವ ಕಡತ ಕಾಣಿಸಿಕೊಳ್ಳುತ್ತದೆ. ವರ್ಡ್‌ನ ಓಪನ್ ಕಿಟಕಿಯಲ್ಲಿ ‘ಆಲ್ ಫೈಲ್ಸ್’ ಆಯ್ದುಕೊಂಡರೆ ಅದನ್ನು ಎಂದಿನಂತೆ ತೆರೆಯಬಹುದು.

ಉಚಿತವಾಗಿ ಸಿಗುವ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್ ಎಂಬಲ್ಲಿ ಇದೇ ಆಯ್ಕೆ ಇದೆ. ಆದರೆ ಅದರ .ಬಿಎಕೆ (.bak) ಕಡತಗಳು ಸಾಮಾನ್ಯವಾಗಿ ಬಳಕೆದಾರರ ಪ್ರೊಫೈಲ್‌ನೊಳಗಿನ ಬ್ಯಾಕಪ್ ಫೋಲ್ಡರ್‌ಗೆ ಹೋಗುತ್ತವೆ. ಮೂಲ ಕಡತದ ಪಕ್ಕದಲ್ಲಿ ಹುಡುಕಿ, ಸಿಗದೆ, ಬ್ಯಾಕಪ್ ಆಗಿಯೇ ಇಲ್ಲ ಎಂದುಕೊಳ್ಳುವವರು ಆಪ್ಷನ್ಸ್‌ನ ಪಾತ್ಸ್ ಪುಟದಲ್ಲಿ ಆ ಫೋಲ್ಡರ್‌ನ ವಿಳಾಸ ನೋಡಿಕೊಳ್ಳಬೇಕು. ಈ .ಬಿಎಕೆ ಎಂಬ ಬಾಲ ಹೊಸದಲ್ಲ. 1978ರಲ್ಲಿ ಬಂದ ವರ್ಡ್‌ಸ್ಟಾರ್ ಎಂಬ ವರ್ಡ್ ಪ್ರೊಸೆಸರ್ ಕೂಡ ಹಳೆಯ ಪ್ರತಿಯನ್ನು ಇದೇ ಗುರುತಿನಿಂದ ಎತ್ತಿಡುತ್ತಿತ್ತು.

ಇದರ ಜೊತೆ ಸದಾ ಗೊಂದಲವಾಗುವುದು ಆಟೋರಿಕವರ್. ಎರಡರ ಕೆಲಸವೂ ಬೇರೆ. ವರ್ಡ್‌ನಲ್ಲಿ ಆಟೋರಿಕವರ್, ನಾವು ಬೇರೆ ಹೇಳದಿದ್ದರೆ, 10 ನಿಮಿಷಕ್ಕೊಮ್ಮೆ, ಇನ್ನೂ ಸೇವ್ ಆಗದ ಬದಲಾವಣೆಗಳನ್ನು .ಎಎಸ್‌ಡಿ (.asd) ಎಂಬ ತಾತ್ಕಾಲಿಕ ಕಡತದಲ್ಲಿ ಬರೆದಿಡುತ್ತದೆ. ಕರೆಂಟ್ ಹೋಗಿಯೋ ತಂತ್ರಾಂಶ ಸ್ಥಗಿತಗೊಂಡೋ ಕೆಲಸ ಅರ್ಧಕ್ಕೆ ನಿಂತರೆ, ಮರಳಿ ತೆರೆದಾಗ ಅದನ್ನು ನಮ್ಮ ಮುಂದಿಡುತ್ತದೆ. ನಾವು ಸೇವ್ ಮಾಡಿ ಸರಿಯಾಗಿ ಮುಚ್ಚಿದರೆ ಆ ಕಡತವನ್ನು ವರ್ಡ್ ಅಳಿಸಿಬಿಡುತ್ತದೆ. ಆದ್ದರಿಂದ ನಿನ್ನೆ ತಪ್ಪಾಗಿ ಅಳಿಸಿದ ಪ್ಯಾರಾವನ್ನು ಆಟೋರಿಕವರ್‌ನಲ್ಲಿ ಹುಡುಕಿ ಉಪಯೋಗವಿಲ್ಲ. ಮೇಲೆ ಹೇಳಿದ ಸೇವ್ ಮಾಡಿದ ವರದಿಯ ಕೋಷ್ಟಕಕ್ಕೂ ಅದು ಒದಗುವುದಿಲ್ಲ. 10 ನಿಮಿಷವನ್ನು ಎರಡೋ ಮೂರೋ ನಿಮಿಷಕ್ಕೆ ಇಳಿಸಿಕೊಳ್ಳುವುದು ಮಾತ್ರ ಒಳ್ಳೆಯದು.

ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿಟ್ಟ ಕಡತಗಳ ಆಟೋಸೇವ್ ಮತ್ತು ಗೂಗಲ್ ಡಾಕ್ಸ್‌ನ ದಾರಿ ಮೂರನೆಯದು. ಅಲ್ಲಿ ಬರೆದದ್ದು ಆಗಿಂದಾಗ್ಗೆ ಉಳಿಯುತ್ತಾ ಹೋಗುತ್ತದೆ, ಹಳೆಯ ರೂಪಗಳನ್ನು ‘ವರ್ಷನ್ ಹಿಸ್ಟರಿ’ಯಲ್ಲಿ ತೆರೆದು ನೋಡಬಹುದು. ಒಂದೇ ಹೆಜ್ಜೆ ಹಿಂದಕ್ಕೆ ಹೋಗಬಲ್ಲ ಬ್ಯಾಕಪ್ ಪ್ರತಿಗಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ.

ಬ್ಯಾಕಪ್ ಪ್ರತಿ ಆನ್ ಮಾಡಿದ ಮೇಲೆ ಅದರ ನಿರ್ವಹಣೆಯೂ ನಮ್ಮದೇ. ಚಿತ್ರಗಳು ತುಂಬಿದ ದೊಡ್ಡ ಕಡತಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಜಾಗ ಬೇಕಾಗುತ್ತದೆ. ಮೂಲವೂ ಪ್ರತಿಯೂ ಒಂದೇ ಡಿಸ್ಕ್‌ನಲ್ಲಿದ್ದರೆ ಡಿಸ್ಕ್ ಕೆಟ್ಟ ದಿನ ಎರಡೂ ಹೋಗುತ್ತವೆ, ಹಾಗಾಗಿ ಮುಖ್ಯವಾದ ಬರಹದ ನಕಲೊಂದು ಬೇರೆ ಡಿಸ್ಕ್‌ನಲ್ಲೋ ಕ್ಲೌಡ್‌ನಲ್ಲೋ ಇರಲೇಬೇಕು.

ಇನ್ನೊಂದು ಸಂಗತಿಯ ಕಡೆ ಬಹಳ ಜನ ಗಮನ ಕೊಡುವುದಿಲ್ಲ. ಮೂಲ ಕಡತವನ್ನು ಅಳಿಸಿದರೆ ಬ್ಯಾಕಪ್ ಪ್ರತಿ ಅಳಿಯುವುದಿಲ್ಲ. ಬೇರೆಯವರಿಗೆ ಕಾಣಬಾರದೆಂದು ನೀವು ತೆಗೆದುಹಾಕಿದ ಹೆಸರು, ಸಂಬಳದ ಅಂಕಿ, ಕಟುವಾದ ಟಿಪ್ಪಣಿ ಆ ಪ್ರತಿಯಲ್ಲಿ ಹಾಗೇ ಕುಳಿತಿರಬಹುದು. ಇಡೀ ಫೋಲ್ಡರನ್ನು ಜಿಪ್ ಮಾಡಿ ಕಳಿಸುವ ಮುನ್ನ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಡತಗಳ ವಿಸ್ತರಣೆ ಕಾಣುವಂತೆ ಮಾಡಿಕೊಂಡು, .ಡಬ್ಲ್ಯುಬಿಕೆ ಇರುವುದನ್ನೆಲ್ಲ ಹೊರಗೆ ತೆಗೆಯಿರಿ.