ಲಕ್ವಾ ಹೊಡೆದದ್ದು ಮಿದುಳಿಗೋ, ಮುಖದ ನರಕ್ಕೋ?

ಬಾಯಿ ಸೊಟ್ಟಗಾಗಿ ಬಂದವರಿಗೆ ನಾನು ಮೊದಲು ಹೇಳುವುದು, "ಹುಬ್ಬು ಮ್ಯಾಲೆ ಎತ್ರಿ" ಅಂತ. ಜೊತೆಗೆ ಬಂದವರು ಕೇಳುತ್ತಾರೆ, "ಸೊಟ್ಟ ಆಗಿದ್ದು ಬಾಯಿ ಅಲ್ರೀ ಸಾಹೇಬ್ರ, ಹುಬ್ಬು ಯಾಕ ನೋಡ್ತೀರಿ?" ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ನರಮಂಡಲದ ಜೋಡಣೆಯಲ್ಲೇ ಇದೆ.

ಮಿದುಳು, ಅದರ ಕಾಂಡ ಮತ್ತು ಬೆನ್ನುಹುರಿ ತಲೆಬುರುಡೆ, ಬೆನ್ನೆಲುಬಿನ ಒಳಗೆ ಭದ್ರವಾಗಿವೆ. ಅಲ್ಲಿಂದ ಹೊರಗೆ ಹೊರಡುವುದೇ ನರಗಳು. ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ. ಕೈ ಎತ್ತು ಅನ್ನುವ ಆಜ್ಞೆ ಮಿದುಳಿನ ಮೇಲ್ಪದರದಲ್ಲಿ ಹುಟ್ಟಿ ಕೆಳಗಿಳಿಯುತ್ತದೆ. ಕಾಂಡದ ಕೊನೆಯಲ್ಲಿ ಹೆಚ್ಚಿನ ಎಳೆಗಳು ಎದುರು ಬದಿಗೆ ದಾಟುತ್ತವೆ. ಎಡ ಮಿದುಳಿಗೆ ಪೆಟ್ಟಾದರೆ ಬಲಗೈ, ಬಲಗಾಲು ಬೀಳುವುದು ಹೀಗೆ.

ಹೆಚ್ಚಿನವರಲ್ಲಿ ಮಾತಿನ ಜಾಗವೂ ಎಡಗಡೆಯೇ. ಮಾತು ನಿಂತುಹೋಗಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ಅವನ ಮಿದುಳು ನೋಡಿದಾಗ, ಕೆಟ್ಟಿದ್ದದ್ದು ಎಡ ಮುಂಭಾಗ. ಬಲಗೈ ಜೊತೆ ಮಾತೂ ಹೋದವರನ್ನು ಕಂಡು ಮನೆಯವರು "ಬುದ್ಧೀನೇ ಹೋಗೇದ" ಅನ್ನುತ್ತಾರೆ. ಹಾಗಲ್ಲ. ಎಷ್ಟೋ ಜನರಿಗೆ ಹೇಳಬೇಕಾದ್ದು ಒಳಗಿರುತ್ತದೆ, ಶಬ್ದ ಸಿಗುವುದಿಲ್ಲ. ದಯವಿಟ್ಟು ಅವರ ಎದುರಿಗೇ ಅವರಿಗೆ ಏನೂ ತಿಳಿಯದು ಎಂಬಂತೆ ಮಾತಾಡಬೇಡಿ.

ಈಗ ಹುಬ್ಬಿಗೆ ಬರೋಣ. ಮುಖದ ಕೆಳಭಾಗಕ್ಕೆ ಆಜ್ಞೆ ಮುಖ್ಯವಾಗಿ ಎದುರು ಬದಿಯ ಮಿದುಳಿನಿಂದ ಬರುತ್ತದೆ. ಹಣೆಗೆ ಮಾತ್ರ ಎರಡೂ ಬದಿಯಿಂದ. ಒಂದು ಬದಿ ಕೆಟ್ಟರೂ ಇನ್ನೊಂದು ಬದಿ ಹುಬ್ಬನ್ನು ಎತ್ತಿಸುತ್ತದೆ. ಹಾಗಾಗಿ ಬಾಯಿ ಸೊಟ್ಟಗಿದ್ದೂ ಹುಬ್ಬು ಸರಿಯಾಗಿ ಎದ್ದರೆ ನನಗೆ ಭಯ ಜಾಸ್ತಿ. ಅದು ಮಿದುಳಿನ ಸ್ಟ್ರೋಕ್ ಇರಬಹುದು, ಅಂದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡದ್ದೋ ಒಡೆದದ್ದೋ. ಹುಬ್ಬೂ ಏಳದೆ, ಕಣ್ಣೂ ಮುಚ್ಚದೆ ಇದ್ದರೆ ತೊಂದರೆ ಬಹುತೇಕ ಹೊರಗಿನ 7ನೇ ನರದ್ದು, ಅಂದರೆ ಮುಖದ ನರದ್ದು. ಈ ನರ ಕಿವಿಯ ಹತ್ತಿರ ಎಲುಬಿನ ಇಕ್ಕಟ್ಟಾದ ದಾರಿಯಲ್ಲಿ ಹಾದುಬರುತ್ತದೆ. ಅಲ್ಲಿ ಬಾತುಕೊಂಡು ಕೆಲಸ ನಿಲ್ಲಿಸುವುದಕ್ಕೆ ಬೆಲ್ಸ್ ಪಾಲ್ಸಿ ಅನ್ನುತ್ತೇವೆ. ಮೊದಲ 3 ದಿನದೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾದರೆ ಒಳ್ಳೆಯದು.

ಈ ಬೆಲ್ಸ್ ಪಾಲ್ಸಿ ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಲಕ್ವಾದ ನಾಟಿ ಔಷಧಿಗೆ ಹೆಸರು ಬಂದದ್ದು ಇದರಿಂದಲೇ ಎಂದು ನನ್ನ ನಂಬಿಕೆ. ಎಲೆಯ ರಸ ಕುಡಿದವರು, ಪಾರಿವಾಳದ ರಕ್ತ ಹಚ್ಚಿಕೊಂಡವರು ಗುಣವಾದರು. ಏನೂ ಮಾಡದವರೂ ಗುಣವಾದರು. ಊರಲ್ಲಿ ಸುದ್ದಿಯಾದದ್ದು ಮೊದಲಿನವರದ್ದು. ಮುಂದೆ ಯಾರದೋ ಅಪ್ಪನಿಗೆ ಸ್ಟ್ರೋಕ್ ಆದಾಗಲೂ ಗಾಡಿ ಅಲ್ಲಿಗೇ ಓಡುತ್ತದೆ. ನನಗೆ ತುಂಬಾ ಸಂಕಟ ಕೊಡುವುದು ಇದೇ.

ಮಿದುಳಿನ ತೂಕ ಸುಮಾರು 1.3 ಕೆ.ಜಿ., ದೇಹದ ಶೇ 2ರಷ್ಟು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಹೋಗುತ್ತದೆ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ತುಂಡಾದ ಕೈಕಾಲಿನ ನರವನ್ನು ಹೊಲಿದರೆ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯಬಲ್ಲದು. ಸತ್ತ ಮಿದುಳಿನ ಭಾಗ ಹಾಗೆ ಬೆಳೆಯುವುದಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಮುಂಡರಗಿಯಿಂದಲೋ ರಾಣೆಬೆನ್ನೂರಿನಿಂದಲೋ ಹುಬ್ಬಳ್ಳಿ ಮುಟ್ಟುವುದಕ್ಕೇ ಇದರಲ್ಲಿ ಎಷ್ಟು ಹೊತ್ತು ಹೋಗುತ್ತದೆ ಲೆಕ್ಕ ಹಾಕಿ.

ಹುಬ್ಬು ನೋಡಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಮಿದುಳಿನ ಕಾಂಡದಲ್ಲಾದ ಸ್ಟ್ರೋಕ್ ಆ ನರದ ಬುಡಕ್ಕೇ ತಾಗಿ ಹುಬ್ಬನ್ನೂ ಬೀಳಿಸಬಲ್ಲದು. ಬಾಯಿ ಸೊಟ್ಟಗಾದರೆ, ಒಂದು ಕೈ ಜಾರಿದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೇ ಹೋಗಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ, ನುಂಗುವ ಶಕ್ತಿಯೂ ಹೋಗಿರಬಹುದು. ಬೆಳಿಗ್ಗೆ ಏಳುವಾಗಲೇ ಹೀಗಾಗಿದ್ದರೆ, ರಾತ್ರಿ ಎಷ್ಟು ಗಂಟೆಯವರೆಗೆ ಚೆನ್ನಾಗಿದ್ದರು ಅನ್ನುವುದನ್ನು ನೆನಪಿಟ್ಟುಕೊಂಡು ಬನ್ನಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.