ಫಾರ್ಮಿಕ್ ಆಸಿಡ್ ಕ್ಯಾನ್ ಉಬ್ಬಿದೆ, ಮುಚ್ಚಳ ತೆಗೆಯಬಹುದೇ?

ಪ್ರಶ್ನೆ: ರಬ್ಬರ್ ಎಲೆ ಉದುರುವ ಕಾಲಕ್ಕೆ ಟ್ಯಾಪಿಂಗ್ (ಮರದಿಂದ ಹಾಲು ಇಳಿಸುವುದು) ನಿಲ್ಲಿಸಿದ್ದೆವು. ರಬ್ಬರ್ ಹಾಲನ್ನು ಗಟ್ಟಿಮಾಡಿ ಶೀಟ್ ಮಾಡಲು ತಂದಿಟ್ಟಿದ್ದ 35 ಕೆಜಿಯ ಫಾರ್ಮಿಕ್ ಆಸಿಡ್ ಕ್ಯಾನ್, ಶೀಟ್ ಒಣಗಿಸುವ ಹೊಗೆಮನೆಯ ಪಕ್ಕದ ಶೆಡ್ಡಿನಲ್ಲೇ ಇತ್ತು. ಈಗ ನೋಡಿದರೆ ಕ್ಯಾನಿನ ನಾಲ್ಕೂ ಬದಿ ಉಬ್ಬಿದೆ. ಆಸಿಡ್ ಹಾಳಾಗಿದೆಯೇ? ಮುಚ್ಚಳ ತೆಗೆದರೆ ಅಪಾಯವಿದೆಯೇ?

ಉತ್ತರ: ಆಸಿಡ್ ಹಾಳಾಗಿರುವ ಸಾಧ್ಯತೆ ಕಡಿಮೆ, ಬಳಸಬಹುದು. ಆದರೆ ಈಗಲೇ ಮುಚ್ಚಳಕ್ಕೆ ಕೈ ಹಾಕಬೇಡಿ. ಕ್ಯಾನಿನೊಳಗೆ ಒತ್ತಡ ತುಂಬಿದೆ. ಬಿಸಿಲಿನ ಹೊತ್ತಿನಲ್ಲಿ ಥಟ್ಟನೆ ತಿರುಗಿಸಿದರೆ ಮುಚ್ಚಳದ ಜೊತೆ ಆಸಿಡ್ ಕೂಡ ಮುಖಕ್ಕೆ ಚಿಮ್ಮುತ್ತದೆ, ಮೊದಲು ಪೆಟ್ಟಾಗುವುದು ಕಣ್ಣಿಗೆ.

ಕ್ಯಾನ್ ಉಬ್ಬಲು ಎರಡು ಸಾಮಾನ್ಯ ಕಾರಣಗಳಿವೆ. ಮೊದಲನೆಯದು ಬರೀ ಸೆಕೆ. ತಗಡಿನ ಮಾಡಿನ ಕೆಳಗೆ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಕ್ಯಾನಿನೊಳಗಿನ ಗಾಳಿಯೂ ಆಸಿಡ್ ಆವಿಯೂ ಹಿಗ್ಗುತ್ತವೆ. ಹಾಗೆ ಉಬ್ಬಿದ್ದರೆ ಬೆಳಗಿನ ಜಾವದ ತಂಪಿಗೆ ಉಬ್ಬು ತಾನಾಗಿ ಇಳಿದಿರುತ್ತದೆ. ತಂಪಾದ ಮೇಲೂ ಇಳಿಯದಿದ್ದರೆ ಎರಡನೆಯ ಕಾರಣ ಎಂದು ತಿಳಿಯಿರಿ: ಆಸಿಡ್ ಒಡೆದು ಅನಿಲವಾಗುತ್ತಿದೆ. ಫಾರ್ಮಿಕ್ ಆಸಿಡ್ ಇಟ್ಟಲ್ಲೇ ಬಹಳ ನಿಧಾನವಾಗಿ ನೀರು ಮತ್ತು ಕಾರ್ಬನ್ ಮೊನಾಕ್ಸೈಡ್ ಆಗಿ ಒಡೆಯುತ್ತದೆ. ಸೆಕೆ ಹೆಚ್ಚಿದಷ್ಟೂ, ಆಸಿಡ್ ಗಟ್ಟಿಯಾಗಿದ್ದಷ್ಟೂ ಇದು ಬೇಗ ನಡೆಯುತ್ತದೆ. ನಮ್ಮಲ್ಲಿ ಸಿಗುವುದು ಸಾಮಾನ್ಯವಾಗಿ ಶೇ. 85ರದ್ದು, ಉಳಿದದ್ದು ನೀರು. ಹಾಗಾಗಿ ಇದು ಶೇ. 99ರ ಆಸಿಡ್‌ನಷ್ಟು ಬೇಗ ಒಡೆಯುವುದಿಲ್ಲ. ಆದರೂ ಲೆಕ್ಕ ಹಾಕಿ ನೋಡಿ: ಶೇ. 85ರ ಒಂದು ಲೀಟರ್ ಆಸಿಡ್ ಪೂರ್ತಿ ಒಡೆದರೆ ಹುಟ್ಟುವ ಅನಿಲ 500 ಲೀಟರಿಗೂ ಹೆಚ್ಚು. ನೂರರಲ್ಲಿ ಒಂದು ಪಾಲು ಒಡೆದರೂ ಲೀಟರಿಗೆ 5 ಲೀಟರ್ ಅನಿಲ. 35 ಕೆಜಿ ಕ್ಯಾನಿನಲ್ಲಿರುವುದು ಸುಮಾರು 29 ಲೀಟರ್ ಆಸಿಡ್, ಮೇಲೆ ಖಾಲಿ ಜಾಗ ಸ್ವಲ್ಪವೇ. ಉಬ್ಬದೆ ಇನ್ನೇನಾದೀತು? ಇದಕ್ಕಾಗಿಯೇ ಕೆಲವು ತಯಾರಕರು ಅನಿಲ ಹೊರಹೋಗುವ ಸಣ್ಣ ರಂಧ್ರವಿರುವ ಮುಚ್ಚಳ ಕೊಡುತ್ತಾರೆ. ವಾಸನೆ ಬರುತ್ತದೆಂದು ಅದರ ಮೇಲೆ ಟೇಪ್ ಸುತ್ತುವುದು, ಪ್ಲಾಸ್ಟಿಕ್ ಹಾಳೆ ಕಟ್ಟಿ ಬಿಗಿಯುವುದು ದೊಡ್ಡ ತಪ್ಪು.

ಮೂರನೆಯ ಕಾರಣವೂ ಒಂದಿದೆ, ಅದು ಅಪರೂಪವಾದರೂ ಹೆಚ್ಚು ಅಪಾಯದ್ದು: ಕ್ಯಾನಿಗೆ ಬೇರೇನೋ ಸೇರಿರುವುದು. ಅದಕ್ಕೆ ಆಮೇಲೆ ಬರುತ್ತೇವೆ.

ಈಗ ತೆರೆಯುವ ಕ್ರಮ. ಕ್ಯಾನನ್ನು ಬಡಿಯಬೇಡಿ, ಚುಚ್ಚಬೇಡಿ, ಮೊಳೆಯಿಂದ ತೂತು ಮಾಡುವ ಯೋಚನೆಯಂತೂ ಬೇಡ. ನೆರಳಿನಲ್ಲೇ ಇದ್ದರೆ ಇದ್ದಲ್ಲೇ ಬಿಡಿ. ಬಿಸಿಲಿನಲ್ಲಿದ್ದರೆ ಹೊರಮೈಗೆ ತಣ್ಣೀರು ಹಾಯಿಸಿ ತಂಪು ಮಾಡಿದ ಮೇಲೆ, ನೆಟ್ಟಗೆ ಹಿಡಿದು, ಇಬ್ಬರು ಸೇರಿ ನೆರಳಿಗೆ ಒಯ್ಯಿರಿ. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು, ಕ್ಯಾನನ್ನು ಇಬ್ಬರು ಸೇರಿ ನೆಟ್ಟಗೆ ಶೆಡ್ಡಿನ ಹೊರಗೆ ತಂದಿಟ್ಟು, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಿ. ಕಣ್ಣಿನ ಸುತ್ತ ಮುಚ್ಚುವ ಗಾಗಲ್ಸ್, ಮೊಣಕೈವರೆಗಿನ ದಪ್ಪ ನಿಯೋಪ್ರೀನ್ ಅಥವಾ ಪಿವಿಸಿ ಗ್ಲೌಸ್, ಪ್ಲಾಸ್ಟಿಕ್ ಏಪ್ರನ್, ಗಮ್ ಬೂಟು ಹಾಕಿಕೊಳ್ಳಿ. ಪ್ಯಾಂಟಿನ ಕಾಲು ಬೂಟಿನ ಹೊರಗಿರಲಿ. ಒಳಗೆ ತುರುಕಿದರೆ ಚೆಲ್ಲಿದ ಆಸಿಡ್ ನೇರ ಪಾದಕ್ಕೆ ಇಳಿಯುತ್ತದೆ. ತೆಳ್ಳಗಿನ ಆಸ್ಪತ್ರೆ ಗ್ಲೌಸ್ ಇದಕ್ಕೆ ಆಗದು. ಪಕ್ಕದಲ್ಲಿ ಎರಡು ಬಕೆಟ್ ನೀರು, ಸಾಧ್ಯವಾದರೆ ಹರಿಯುವ ನೀರಿನ ಪೈಪ್ ಇರಬೇಕು. ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಾಲು ಸುತ್ತು ಮಾತ್ರ ಸಡಿಲಿಸಿ. "ಸ್" ಎಂಬ ಸದ್ದು ಬರುತ್ತದೆ. ಅಲ್ಲೇ ಕೈ ನಿಲ್ಲಿಸಿ. ಸದ್ದು ಪೂರ್ತಿ ನಿಂತು, ಕ್ಯಾನಿನ ಬದಿ ಒಳಕ್ಕೆ ಕುಸಿದ ಮೇಲೆ ಇನ್ನು ಸ್ವಲ್ಪ ತಿರುಗಿಸಿ. ಸದ್ದಿನ ಜೊತೆ ನೊರೆ ಅಥವಾ ಆಸಿಡ್ ಹೊರಬಂದರೆ ಮುಚ್ಚಳವನ್ನು ಮತ್ತೆ ಬಿಗಿಮಾಡಿ, ಇನ್ನಷ್ಟು ತಣಿಯಲು ಬಿಡಿ.

ಹತ್ತಿರದಲ್ಲಿ ಬೀಡಿ, ಬೆಂಕಿ ಇರಲೇಬಾರದು. ಕಾರ್ಬನ್ ಮೊನಾಕ್ಸೈಡ್ ಹೊತ್ತಿಕೊಳ್ಳುವ ಅನಿಲ, ಬಿಸಿಯಾದ ಫಾರ್ಮಿಕ್ ಆವಿಯೂ ಹಾಗೆಯೇ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮೂಗು ಉರಿಸುವುದು ಫಾರ್ಮಿಕ್ ಆವಿ ಮಾತ್ರ, ಅದರ ಜೊತೆ ಬರುವ ಇನ್ನೊಂದು ಗೊತ್ತೇ ಆಗುವುದಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಉಬ್ಬಿದ ಕ್ಯಾನ್ ತೆರೆದವರಿಗೆ ತಲೆನೋವು, ತಲೆಸುತ್ತು, ವಾಂತಿ ಬಂದರೆ ತಕ್ಷಣ ಬಯಲಿಗೆ ಕರೆತರಬೇಕು.

ಕ್ಯಾನ್ ಇಟ್ಟ ಜಾಗವೇ ನಿಮ್ಮ ಸಮಸ್ಯೆಯ ಮೂಲ. ಹೊಗೆಮನೆಯ ಗೋಡೆಗೆ ತಾಗಿದ ಶೆಡ್ಡಿನಲ್ಲಿ ಸೆಕೆಯೂ ಬೆಂಕಿಯೂ ಎರಡೂ ಇವೆ. ಸುಳ್ಯ, ಕಡಬ, ಬೆಳ್ತಂಗಡಿ ಕಡೆಯ ಸಣ್ಣ ತೋಟಗಳಲ್ಲಿ ಜಾಗದ ಕೊರತೆಯಿಂದ ಹೀಗಾಗುವುದು ಸಹಜ, ಆದರೂ ಕ್ಯಾನನ್ನು ಅಲ್ಲಿಂದ ಎತ್ತಲೇಬೇಕು. ಗಾಳಿಯಾಡುವ, ಬಿಸಿಲು ಬೀಳದ, ಬೀಗ ಹಾಕಬಹುದಾದ ಜಾಗ ಹುಡುಕಿ. ನೆಲದ ಮೇಲೆ ಅಂಚಿರುವ ಪ್ಲಾಸ್ಟಿಕ್ ಟ್ರೇ ಇಟ್ಟು ಅದರೊಳಗೆ ಕ್ಯಾನ್ ಇಡಿ. ಕಬ್ಬಿಣದ ಕಪಾಟು, ತಗಡಿನ ಡಬ್ಬಿ ಬೇಡ. ಆಸಿಡ್ ಲೋಹವನ್ನು ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ. ಅಮೋನಿಯಾ ಕ್ಯಾನನ್ನೂ ಬ್ಲೀಚಿಂಗ್ ಪೌಡರನ್ನೂ ಇದರ ಜೊತೆ ಇಡಬೇಡಿ. ಒಂದು ಹಂಗಾಮಿಗೆ ಬೇಕಾದಷ್ಟೇ ತಂದರೆ ಬೇಸಿಗೆಯಲ್ಲಿ ಉಳಿಯುವ ಆಸಿಡ್ ತಾನೇ ಕಡಿಮೆಯಾಗುತ್ತದೆ.

ಇನ್ನು, ನೆರೆಯವರಿಗೆ ಅಗತ್ಯ ಬಿತ್ತೆಂದು ಅರ್ಧ ಲೀಟರ್ ಆಸಿಡನ್ನು ತಂಪುಪಾನೀಯದ ಬಾಟಲಿಗೆ ಸುರಿದು ಕೊಡುವ ರೂಢಿ ಇದೆಯಲ್ಲ, ಅದನ್ನು ಇಂದೇ ನಿಲ್ಲಿಸಿ. ಫಾರ್ಮಿಕ್ ಆಸಿಡ್ ನೋಡಲು ಶುದ್ಧ ನೀರು. ಕೇರಳದ ರಬ್ಬರ್ ಪ್ರದೇಶದ ವೈದ್ಯರು ಇದನ್ನು ಕುಡಿದವರ ಸ್ಥಿತಿಯನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಿಸಿದ್ದಾರೆ: ಅನ್ನನಾಳ, ಹೊಟ್ಟೆ ಸುಡುವುದಲ್ಲದೆ ರಕ್ತ ಆಮ್ಲೀಯವಾಗುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದವರ ಕಣ್ಣು ಹೋಗುವುದೂ ಮೈಯೊಳಗೆ ಮೆಥನಾಲ್ ಇದೇ ಫಾರ್ಮಿಕ್ ಆಸಿಡ್ ಆಗಿ ಮಾರ್ಪಡುವುದರಿಂದ. ಮಲೆನಾಡಿನಲ್ಲಿ ಚಟ್ನಿ ಮಾಡುವ ಚಿಗಳಿ ಇರುವೆಯ ಹುಳಿಯೂ ಫಾರ್ಮಿಕ್ ಆಸಿಡ್‌ನದೇ. ಇರುವೆಯಲ್ಲಿರುವುದು ಒಂದು ಹನಿಗಿಂತ ಎಷ್ಟೋ ಪಾಲು ಕಡಿಮೆ ಎಂಬುದಷ್ಟೇ ವ್ಯತ್ಯಾಸ, ಆ ವ್ಯತ್ಯಾಸವೇ ಎಲ್ಲವೂ.

ಈಗ ಮೂರನೆಯ ಕಾರಣ. ಫಾರ್ಮಿಕ್ ದುಬಾರಿಯಾದಾಗ ಕೆಲವರು ಸಲ್ಫ್ಯೂರಿಕ್ ಆಸಿಡ್ ತರುತ್ತಾರೆ. ರಬ್ಬರ್ ಹಾಲು ಅದರಿಂದಲೂ ಗಟ್ಟಿಯಾಗುತ್ತದೆ, ಇಲ್ಲವೆನ್ನಲಾಗದು. ಆದರೆ ಹೊಗೆಮನೆಯಲ್ಲಿ ಫಾರ್ಮಿಕ್ ಆವಿಯಾಗಿ ಹೋಗುತ್ತದೆ, ಸಲ್ಫ್ಯೂರಿಕ್ ಹೋಗುವುದಿಲ್ಲ; ತೊಳೆದು ಉಳಿದದ್ದು ಶೀಟಿನಲ್ಲೇ ಕೂತು ರಬ್ಬರಿನ ಆಯುಷ್ಯ ಕಡಿಮೆ ಮಾಡುತ್ತದೆ, ಶೀಟ್ ಒಣಗುವುದೂ ತಡವಾಗುತ್ತದೆ, ಶೀಟ್ ಒತ್ತುವ ರೋಲರ್ ತುಕ್ಕು ಹಿಡಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಎರಡನ್ನೂ ಒಂದೇ ಕ್ಯಾನಿಗೆ ಸುರಿಯುವುದು. ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಫಾರ್ಮಿಕ್‌ನಿಂದ ನೀರನ್ನು ಹೀರಿಕೊಂಡು ಕಾರ್ಬನ್ ಮೊನಾಕ್ಸೈಡನ್ನು ಬಿಡಿಸುತ್ತದೆ. ತಿಂಗಳುಗಟ್ಟಲೆ ಆಗಬೇಕಾದದ್ದು ಆಗ ನಿಮಿಷಗಳಲ್ಲಿ ಆಗುತ್ತದೆ, ಜೊತೆಗೆ ಕ್ಯಾನ್ ಬಿಸಿಯಾಗುತ್ತದೆ. ಸಲ್ಫ್ಯೂರಿಕ್ ಇದ್ದ ಹಳೆಯ ಕ್ಯಾನಿಗೆ ಫಾರ್ಮಿಕ್ ತುಂಬಿಸಿಕೊಂಡು ಬರುವುದೂ ಇದೇ ಕಾರಣಕ್ಕೆ ಸಲ್ಲದು. ಉಬ್ಬಿದ ಕ್ಯಾನ್ ನೆರಳಿನಲ್ಲಿದ್ದೂ ಮುಟ್ಟಲು ಬಿಸಿ ಇದ್ದರೆ, ಅಥವಾ ಬಿಡಿಬಿಡಿ ಗುಳ್ಳೆಯ ಸದ್ದು ಕೇಳಿದರೆ ತೆರೆಯಲು ಹೋಗಬೇಡಿ. ಎಲ್ಲರನ್ನೂ ದೂರ ಕಳಿಸಿ, ಅಗ್ನಿಶಾಮಕ ದಳಕ್ಕೆ ತಿಳಿಸಿ.

ಬಿಡಿಯಾಗಿ ತಂದ ಆಸಿಡ್‌ನಲ್ಲಿ ಕಲಬೆರಕೆ ಇದೆಯೇ ಎಂದು ತಿಳಿಯಲು ಎರಡು ಸುಲಭ ದಾರಿಗಳಿವೆ. ಶೇ. 85ರ ಫಾರ್ಮಿಕ್ ಲೀಟರಿಗೆ 1.2 ಕೆಜಿ ತೂಗುತ್ತದೆ, ಗಟ್ಟಿ ಸಲ್ಫ್ಯೂರಿಕ್ 1.84 ಕೆಜಿ. ಲೀಟರಿಗೆ 1.2ಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ತೂಗಿದರೆ ಸಂಶಯ ಪಡಿ. ಇನ್ನೊಂದು, ನೀರಿನಲ್ಲಿ ತೆಳು ಮಾಡಿದ ಆಸಿಡ್‌ನ ಒಂದು ಹನಿಯನ್ನು ಬಿಳಿ ಕಾಗದಕ್ಕೆ ಹಾಕಿ, ಹೊರಗೆ, ಬಿಸಿ ಕಾವಲಿಯ ಮೇಲೆ ಒಣಗಿಸಿ. ಫಾರ್ಮಿಕ್ ಆರಿಹೋಗುತ್ತದೆ, ಸಲ್ಫ್ಯೂರಿಕ್ ಇದ್ದರೆ ಹನಿ ಬಿದ್ದ ಜಾಗ ಕಪ್ಪಾಗುತ್ತದೆ.

ಬಳಸುವಾಗ ಎಷ್ಟು? ಮೊದಲು ಹಾಲನ್ನು ಸೋಸಿ, ಶೇ. 12.5ರಷ್ಟು ಒಣರಬ್ಬರ್ ಇರುವಂತೆ ನೀರು ಬೆರೆಸಿದರೆ, ಒಂದು ಡಿಶ್‌ಗೆ (ಹಾಲು ಹೆಪ್ಪುಗಟ್ಟಿಸುವ ತಟ್ಟೆಗೆ) 4 ಲೀಟರ್ ಹಾಕಿದಾಗ ಅರ್ಧ ಕೆಜಿಯ ಶೀಟ್ ಬರುತ್ತದೆ. ಮರುದಿನ ರೋಲರಿನಲ್ಲಿ ಒತ್ತುವುದಾದರೆ ಒಂದು ಡಿಶ್‌ಗೆ ಸುಮಾರು 1 ಮಿಲಿ ಆಸಿಡ್ ಸಾಕು, ಅದೇ ದಿನ ಒತ್ತುವುದಾದರೆ ಸುಮಾರು 2 ಮಿಲಿ. ಇದನ್ನು ನೇರ ಹಾಲಿಗೆ ಸುರಿಯಬಾರದು, ಬಿದ್ದ ಜಾಗದಲ್ಲಷ್ಟೇ ಗಂಟುಕಟ್ಟುತ್ತದೆ. 20 ಡಿಶ್ ಇದ್ದರೆ ಪ್ಲಾಸ್ಟಿಕ್ ಬಕೆಟ್‌ಗೆ 2 ಲೀಟರ್ ನೀರು ಮೊದಲು ಹಾಕಿ, ಅದಕ್ಕೆ 20 ಮಿಲಿ ಆಸಿಡ್ ಹಾಕಿ ಕಲಕಿ, ಡಿಶ್‌ಗೆ 100 ಮಿಲಿಯಂತೆ ಹಂಚಿ. ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ಅಳೆಯಲು ಗೆರೆಯಿರುವ ಪ್ಲಾಸ್ಟಿಕ್ ಜಾಡಿ ಇರಲಿ, ಕ್ಯಾನಿನ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವುದರಿಂದಲೇ ಕೈ ಸುಡುವುದು. ಪೈಪಿನಲ್ಲಿ ಬಾಯಿಯಿಂದ ಎಳೆಯುವುದು ಖಂಡಿತ ಬೇಡ. ಪ್ರಮಾಣ ಸರಿಯಾಯಿತೇ ಎಂದು ತಿಳಿಯಲು ಗಟ್ಟಿಯಾದ ಹಾಲಿನ ಸುತ್ತ ಉಳಿದ ನೀರನ್ನು ನೋಡಿ. ತಿಳಿಯಾಗಿದ್ದರೆ ಸರಿ. ಹಾಲಿನಂತೆ ಮಸುಕಾಗಿದ್ದರೆ ಆಸಿಡ್ ಕಡಿಮೆಯಾಗಿದೆ, ನಿಮ್ಮ ರಬ್ಬರ್ ಆ ನೀರಿನ ಜೊತೆ ಹರಿದುಹೋಗುತ್ತಿದೆ. ಹಾಲು ಹೆಪ್ಪಾಗದಿರಲೆಂದು ತೋಟದಲ್ಲೇ ಅಮೋನಿಯಾ ಹಾಕಿದ್ದರೆ ಆಸಿಡ್ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಹಳೆಯ ಕ್ಯಾನಿನ ಆಸಿಡ್ ತುಸು ತೆಳುವಾಗಿದ್ದರೂ ಈ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ.

ಮೈಮೇಲೆ ಬಿದ್ದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕಣ್ಣಿಗಾದರೂ ಅಷ್ಟೇ, ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು. ಸುಣ್ಣ, ಸೋಡಾ, ಟೂತ್‌ಪೇಸ್ಟ್, ಎಣ್ಣೆ ಏನೂ ಹಚ್ಚಬೇಡಿ. ಈ ಆಸಿಡ್ ಚರ್ಮದ ಮೂಲಕ ರಕ್ತಕ್ಕೂ ಸೇರುತ್ತದೆ. ಅಂಗೈಗಿಂತ ದೊಡ್ಡ ಸುಟ್ಟಗಾಯವಾದರೆ ಉರಿ ಇಳಿದರೂ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಬಿದ್ದಿದ್ದರಂತೂ ತೊಳೆದ ಕೂಡಲೇ ಹೊರಡಿ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಬಾಯಿ ಮುಕ್ಕಳಿಸಿ, 108ಕ್ಕೆ ಕರೆ ಮಾಡಿ. ವೈದ್ಯರಿಗೆ "ಆಸಿಡ್" ಎಂದಷ್ಟೇ ಹೇಳದೆ "ಶೇ. 85ರ ಫಾರ್ಮಿಕ್ ಆಸಿಡ್" ಎನ್ನಿ, ಕ್ಯಾನಿನ ಲೇಬಲಿನ ಫೋಟೋ ತೋರಿಸಿ. ಚಿಕಿತ್ಸೆ ಅದರ ಮೇಲೆ ಬದಲಾಗುತ್ತದೆ. ಆವಿಯನ್ನು ಹೆಚ್ಚು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಉಸಿರು ಕಟ್ಟಬಹುದು, ಸುಧಾರಿಸಿತೆಂದು ಒಬ್ಬರನ್ನೇ ಬಿಡಬೇಡಿ.

ನೆಲಕ್ಕೆ ಚೆಲ್ಲಿದರೆ ಮಣ್ಣು ಅಥವಾ ಮರಳಿನ ಒಡ್ಡು ಕಟ್ಟಿ, ತೋಡಿಗೆ ಹರಿಯದಂತೆ ನೋಡಿಕೊಳ್ಳಿ. ಅದರ ಮೇಲೆ ಅರಳಿದ ಸುಣ್ಣವನ್ನು ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ಹಾಕಿ. ಒಂದು ಲೀಟರ್ ಆಸಿಡ್‌ಗೆ ಸುಮಾರು 850 ಗ್ರಾಂ ಬೇಕು. ಸುಡುಸುಣ್ಣ ಹಾಕಬೇಡಿ, ಅದು ತಾನೇ ಕುದಿಯುತ್ತದೆ. ಸುಣ್ಣದ ಪುಡಿಯೆಂದು ತಿಳಿದು ಬ್ಲೀಚಿಂಗ್ ಪೌಡರ್ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎರಡೂ ಬಿಳಿ ಪುಡಿ, ಎರಡೂ ಶೆಡ್ಡಿನಲ್ಲೇ ಇರುತ್ತವೆ. ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಿಡಿ.

ಖಾಲಿಯಾದ ಕ್ಯಾನನ್ನು ಮೂರು ಸಲ ನೀರು ಹಾಕಿ ಕುಲುಕಿ ತೊಳೆಯಿರಿ. ಆ ನೀರನ್ನು ಮರುದಿನ ಆಸಿಡ್ ತೆಳು ಮಾಡುವ ನೀರಿಗೇ ಸೇರಿಸಿದರೆ ವ್ಯರ್ಥವೂ ಇಲ್ಲ, ತೋಡಿನ ಮೀನಿಗೆ ತೊಂದರೆಯೂ ಇಲ್ಲ. ತೊಳೆದ ಕ್ಯಾನನ್ನು ಕುಡಿಯುವ ನೀರಿಗೆ, ಎಣ್ಣೆಗೆ, ದನಗಳ ಅಕ್ಕಚ್ಚಿಗೆ ಬಳಸದಂತೆ ತಳಕ್ಕೆ ತೂತು ಮಾಡಿ ಗುಜರಿಗೆ ಕೊಡಿ.