ಪೇಟೆಂಟ್ ಉಳಿಸಿಕೊಳ್ಳುವ ಖರ್ಚು: ಎಡವುವುದು ತಾರೀಖಿನಲ್ಲಿ

ಪೇಟೆಂಟ್ ಪ್ರಮಾಣಪತ್ರ ಕೈಸೇರಿದರೆ 20 ವರ್ಷ ನಿಶ್ಚಿಂತೆ ಎಂದುಕೊಳ್ಳುವವರುಂಟು. ಭಾರತದಲ್ಲಿ ಆ 20 ವರ್ಷದ ಎಣಿಕೆ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ. ಮೂರನೇ ವರ್ಷದಿಂದ ಪ್ರತಿ ವರ್ಷಕ್ಕೂ ನವೀಕರಣ ಶುಲ್ಕ ಕಟ್ಟಿದರಷ್ಟೇ ಹಕ್ಕು ಉಳಿಯುತ್ತದೆ.

ಶುಲ್ಕ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಬ್ಬ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ದಿಮೆ ಅಥವಾ ಶಿಕ್ಷಣ ಸಂಸ್ಥೆ ಆನ್‌ಲೈನ್‌ನಲ್ಲಿ ಕಟ್ಟುವುದಾದರೆ 3ರಿಂದ 6ನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ, 10ರವರೆಗೆ 2,400, 15ರವರೆಗೆ 4,800, ಕೊನೆಯ ಐದು ವರ್ಷ 8,000. ಪೂರ್ತಿ ಅವಧಿಗೆ 76,800. ದೊಡ್ಡ ಕಂಪನಿಗಳಿಗೆ ಇದರ ಐದು ಪಟ್ಟು. 2024ರ ತಿದ್ದುಪಡಿಯ ಪ್ರಕಾರ, ಕನಿಷ್ಠ ನಾಲ್ಕು ವರ್ಷದ ಶುಲ್ಕವನ್ನು ಆನ್‌ಲೈನ್‌ನಲ್ಲಿ ಮುಂಗಡ ಕಟ್ಟಿದರೆ ಶೇ 10 ರಿಯಾಯಿತಿ ಇದೆ. ಏಜೆಂಟರ ಫೀಸು ಇದರಲ್ಲಿ ಸೇರಿಲ್ಲ.

ಆದರೆ ಪೇಟೆಂಟ್ ಕಳೆದುಕೊಳ್ಳುವವರು 800 ರೂಪಾಯಿ ಇಲ್ಲದೆ ಕಳೆದುಕೊಳ್ಳುವುದಿಲ್ಲ, ತಾರೀಖು ತಪ್ಪಿಸಿ ಕಳೆದುಕೊಳ್ಳುತ್ತಾರೆ. 2019ರ ಜೂನ್ 10ರಂದು ಅರ್ಜಿ ಹಾಕಿದ್ದೀರಿ, 2024ರ ಫೆಬ್ರುವರಿ 5ರಂದು ಪೇಟೆಂಟ್ ಮಂಜೂರಾಗಿ ರಿಜಿಸ್ಟರಿನಲ್ಲಿ ದಾಖಲಾಯಿತು ಎನ್ನೋಣ. 3, 4, 5ನೇ ವರ್ಷಗಳ ಬಾಕಿ 2,400 ರೂಪಾಯಿಯನ್ನು ಮೂರು ತಿಂಗಳೊಳಗೆ, ಅಂದರೆ ಮೇ 5ರೊಳಗೆ ಕಟ್ಟಬೇಕು. ಕಟ್ಟಿ ಆಯಿತೆಂದು ಕಡತ ಎತ್ತಿಟ್ಟರೆ ಮೋಸ ಹೋದಂತೆ. ಐದನೇ ವರ್ಷ ಜೂನ್‌ನಲ್ಲಿ ಮುಗಿಯುವುದರಿಂದ ಆರನೆಯದರ ಶುಲ್ಕವನ್ನು ಮತ್ತೆ ಜೂನ್ 10ರೊಳಗೇ ಕಟ್ಟಬೇಕು. ಮಂಜೂರಾದ ದಿನದಿಂದ ಎಣಿಸಿದವರು ಮುಂದಿನ ಫೆಬ್ರುವರಿವರೆಗೆ ಕಾಯುತ್ತಾರೆ. ಅಮೆರಿಕದ ಪೇಟೆಂಟ್ ಜೊತೆಗಿದ್ದರೆ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಮಂಜೂರಾದ ದಿನದಿಂದಲೇ ಎಣಿಸಿ ಮೂರೂವರೆ, ಏಳೂವರೆ, ಹನ್ನೊಂದೂವರೆ ವರ್ಷಕ್ಕೆ ಕಟ್ಟುವುದು.

ಗಡುವು ದಾಟಿದರೆ ಫಾರಂ 4 ಸಲ್ಲಿಸಿ, ತಿಂಗಳಿಗೆ 480 ರೂಪಾಯಿ ಹೆಚ್ಚುವರಿ ತೆತ್ತು, ಆರು ತಿಂಗಳವರೆಗೆ ಕಾಲಾವಕಾಶ ಪಡೆಯಬಹುದು. ಅದೂ ದಾಟಿದರೆ ಪೇಟೆಂಟ್ ಬಿದ್ದುಹೋಯಿತು. ಬಿದ್ದ ದಿನದಿಂದ 18 ತಿಂಗಳೊಳಗೆ ಫಾರಂ 15ರಲ್ಲಿ ಪುನಃಸ್ಥಾಪನೆ ಕೇಳಬಹುದು. ನಿಜವಾದ ನಷ್ಟ ಇರುವುದು ಈ ನಡುವಿನ ಅವಧಿಯಲ್ಲಿ. ಪೇಟೆಂಟ್ ಬಿದ್ದ ದಿನದಿಂದ ಪುನಃಸ್ಥಾಪನೆಯ ಅರ್ಜಿ ಪ್ರಕಟವಾಗುವ ದಿನದವರೆಗೆ ಯಾರಾದರೂ ಆ ಆವಿಷ್ಕಾರವನ್ನು ಬಳಸಿದ್ದರೆ, ಅದಕ್ಕಾಗಿ ಅವರ ಮೇಲೆ ದಾವೆ ಹೂಡುವಂತಿಲ್ಲ.

ಶುಲ್ಕವಿಲ್ಲದ ಒಂದು ಕೆಲಸವೂ ಇದೆ: ಆವಿಷ್ಕಾರ ಭಾರತದಲ್ಲಿ ಬಳಕೆಯಲ್ಲಿದೆಯೇ ಎಂಬ ಹೇಳಿಕೆಯನ್ನು ಮೂರು ಆರ್ಥಿಕ ವರ್ಷಕ್ಕೊಮ್ಮೆ ಫಾರಂ 27ರಲ್ಲಿ ಕೊಡಬೇಕು.

ಮಾರಾಟವೂ ಇಲ್ಲ, ಲೈಸೆನ್ಸ್ ಕೇಳುವವರೂ ಇಲ್ಲ ಎಂದಾದರೆ, ಶುಲ್ಕ ಏರುವ 7ನೇ ಅಥವಾ 11ನೇ ವರ್ಷಕ್ಕೆ ಮುಂಚೆ ಕೂತು ಲೆಕ್ಕ ಹಾಕಿ ಕೈಬಿಡುವುದು ಸರಿಯಾದ ತೀರ್ಮಾನವೇ. ಆದರೆ ಚೆನ್ನಾಗಿ ಯೋಚಿಸಿ ಬಿಡಿ. ಪುನಃಸ್ಥಾಪನೆ ಸಿಗುವುದು ಉದ್ದೇಶವಿಲ್ಲದೆ ಶುಲ್ಕ ತಪ್ಪಿದವರಿಗೆ ಮಾತ್ರ, ಬೇಕೆಂದೇ ಬಿಟ್ಟವರಿಗಲ್ಲ.